ರಣಹದ್ದು ಹೋದರೆ ನಮಗೇನು? ಈ ಲೆಕ್ಕ ಹಾಕುವುದು ಹೇಗೆ

2025ರ ಆಗಸ್ಟ್ 11ರಂದು ಸುಪ್ರೀಂ ಕೋರ್ಟು ದೆಹಲಿ ಮತ್ತು ಸುತ್ತಮುತ್ತಲಿನ ಬೀದಿನಾಯಿಗಳನ್ನೆಲ್ಲ ಹಿಡಿದು ಆಶ್ರಯ ಕೇಂದ್ರಗಳಿಗೆ ಸಾಗಿಸಿ ಎಂದಿತು. ಹನ್ನೊಂದು ದಿನ ಕಳೆದ ಮೇಲೆ ಆದೇಶ ತಿದ್ದಿ, ಸಂತಾನಹರಣ ಮಾಡಿ ಲಸಿಕೆ ಹಾಕಿದ ನಾಯಿಗಳನ್ನು ಹಿಡಿದ ಜಾಗದಲ್ಲೇ ಬಿಡಿ, ಹುಚ್ಚು ಹಿಡಿದವನ್ನೂ ಮೈಮೇಲೆ ಬೀಳುವವನ್ನೂ ಮಾತ್ರ ಬಿಡಬೇಡಿ ಎಂದಿತು. ಆ ಹನ್ನೊಂದು ದಿನ ವಾಟ್ಸಾಪ್ ಗುಂಪುಗಳಲ್ಲಿ ನಡೆದ ಜಟಾಪಟಿಯ ನಡುವೆ ಒಂದು ಮಾತು ಮತ್ತೆ ಮತ್ತೆ ತೇಲಿ ಬರುತ್ತಿತ್ತು. ರಣಹದ್ದುಗಳು ಅಳಿದದ್ದಕ್ಕೇ ನಾಯಿಗಳು ಇಷ್ಟು ಹೆಚ್ಚಿದವು, ಅದರಿಂದ ಐದು ಲಕ್ಷ ಜನ ಸತ್ತಿದ್ದಾರೆ ಎಂಬ ಮಾತು.

ಹದ್ದಿಗೂ ನಾಯಿಗೂ ಮನುಷ್ಯನ ಸಾವಿಗೂ ಎತ್ತಣಿಂದೆತ್ತ ಸಂಬಂಧ? ಆ ಐದು ಲಕ್ಷ ಎಲ್ಲಿಂದ ಬಂತು? ಇದನ್ನು ಬಿಡಿಸುತ್ತ ಹೋದರೆ ಇನ್ನೂ ದೊಡ್ಡ ಪ್ರಶ್ನೆಯೊಂದು ಎದುರಾಗುತ್ತದೆ. ಜೀವವೈವಿಧ್ಯ ಉಳಿದರೆ ಮನುಷ್ಯ ಉಳಿಯುತ್ತಾನೆ ಎಂದು ಶಾಲೆಯ ಗೋಡೆಯ ಮೇಲೂ ಬರೆದಿರುತ್ತದೆ. ಆದರೆ ಯಾವ ಜೀವಿ, ಯಾರಿಗೆ, ಎಷ್ಟು ಉಪಕಾರ ಮಾಡುತ್ತಿದೆ ಎಂಬುದು ನಮಗೆ ತಿಳಿದಿರುವುದು ಬಹಳ ಕಡಿಮೆ.

ಅಡುಗೆಮನೆಯಲ್ಲಿ ಯಾರಿದ್ದಾರೆ?

ಜೀವವೈವಿಧ್ಯ ಎಂದರೆ ಹುಲಿ, ಆನೆಗಳ ಪಟ್ಟಿಯಲ್ಲ. ಅದಕ್ಕೆ ಮೂರು ಪದರಗಳಿವೆ. ಒಂದೇ ಭತ್ತದಲ್ಲಿ ನೂರಾರು ತಳಿ ಇರುವುದು ಒಂದು ಪದರ. ಭತ್ತ, ಕಪ್ಪೆ, ಏಡಿ, ಕೊಕ್ಕರೆ ಎಂದು ಬೇರೆ ಬೇರೆ ಜೀವಿಗಳಿರುವುದು ಎರಡನೆಯದು. ಗದ್ದೆ, ಕೆರೆ, ಕಾಡು, ಹುಲ್ಲುಗಾವಲು ಎಂದು ಬೇರೆ ಬೇರೆ ನೆಲೆಗಳಿರುವುದು ಮೂರನೆಯದು.

ಇದು ನಮ್ಮ ಬದುಕಿಗೆ ತಲುಪುವ ದಾರಿಯನ್ನು ಹೋಟೆಲಿಗೆ ಹೋಲಿಸಿ ನೋಡಬಹುದು. ಒಳಗೆ ರುಬ್ಬುವವರು, ತೊಳೆಯುವವರು, ಕಾವಲಿಯ ಮುಂದೆ ನಿಂತವರು ಇದ್ದಾರೆ, ಅವರು ಜೀವಿಗಳು. ಅವರು ಮಾಡುವ ಕೆಲಸ ಪ್ರಕೃತಿಯ ಪ್ರಕ್ರಿಯೆ. ನಮ್ಮ ಮೇಜಿಗೆ ಬರುವ ದೋಸೆಗೆ ವಿಜ್ಞಾನಿಗಳು ‘ಪರಿಸರ ಸೇವೆ’ ಎನ್ನುತ್ತಾರೆ. ಹೊಟ್ಟೆ ತುಂಬಿ, ಮನಸ್ಸಿಗೂ ಹಿತವಾಗಿ ಎದ್ದುಹೋಗುತ್ತೇವಲ್ಲ, ಅದು ಯೋಗಕ್ಷೇಮ. ಗಿರಾಕಿಗೆ ಅಡುಗೆಮನೆ ಕಾಣುವುದಿಲ್ಲ. ತರಕಾರಿ ಹೆಚ್ಚುವವರು ಒಬ್ಬರು ಬಾರದಿದ್ದರೆ ಇನ್ನೊಬ್ಬರು ಹೆಚ್ಚುತ್ತಾರೆ, ದೋಸೆ ಬರುತ್ತದೆ. ದೋಸೆ ಭಟ್ಟರೇ ಬಾರದಿದ್ದರೆ ಅಂದು ದೋಸೆ ಇಲ್ಲ. ಯಾರು ಯಾವ ಕೆಲಸಕ್ಕೆ ಅನಿವಾರ್ಯ ಎಂಬುದು ಸಾಮಾನ್ಯವಾಗಿ ಅವರು ರಜೆ ಹಾಕಿದ ದಿನವೇ ಗೊತ್ತಾಗುವುದು. ರಣಹದ್ದಿನ ವಿಷಯದಲ್ಲಿ ಆದದ್ದೂ ಅದೇ.

ಕತ್ತು ಜೋತುಬಿದ್ದ ಹಕ್ಕಿಗಳು

ಊರಾಚೆ ಎಸೆದ ಸತ್ತ ದನವನ್ನು ರಣಹದ್ದುಗಳ ಹಿಂಡು ಒಂದು ತಾಸಿನೊಳಗೆ ಮೂಳೆಯಷ್ಟೇ ಉಳಿಯುವಂತೆ ತಿಂದು ಮುಗಿಸಬಲ್ಲದು. ಅದರ ಜಠರದ ಆಮ್ಲ ಬಹಳ ತೀಕ್ಷ್ಣ. ಕೊಳೆತ ಮಾಂಸದಲ್ಲಿರುವ ಬಹುಪಾಲು ರೋಗಾಣುಗಳು ಅಲ್ಲೇ ಸಾಯುತ್ತವೆ. ಗೋಮಾಂಸ ತಿನ್ನುವವರು ಕಡಿಮೆಯಿದ್ದು ದನಕರುಗಳು ಕೋಟಿಗಟ್ಟಲೆ ಇರುವ ನಮ್ಮ ದೇಶದಲ್ಲಿ ಈ ಕೆಲಸ ಬಿಟ್ಟಿಯಾಗಿ, ಸದ್ದಿಲ್ಲದೆ ನಡೆಯುತ್ತಿತ್ತು.

ರಾಜಸ್ಥಾನದ ಭರತಪುರದ ಕೇವಲಾದೇವ್ ಉದ್ಯಾನದಲ್ಲಿ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ವಿಭು ಪ್ರಕಾಶ್ 1980ರ ದಶಕದಲ್ಲಿ ಹದ್ದುಗಳ ಗೂಡು ಎಣಿಸಿದ್ದರು. ಹತ್ತು ವರ್ಷದ ಬಳಿಕ ಅದೇ ಜಾಗದಲ್ಲಿ ಎಣಿಸಿದರೆ ಅರ್ಧವೂ ಇರಲಿಲ್ಲ. ಉಳಿದವು ಕತ್ತು ಜೋತುಬಿಟ್ಟುಕೊಂಡು ಕೊಂಬೆಯ ಮೇಲೆ ಕೂತಿರುತ್ತಿದ್ದವು, ಒಂದೊಂದಾಗಿ ಉರುಳುತ್ತಿದ್ದವು. ಕೊಯ್ದು ನೋಡಿದರೆ ಒಳಗಿನ ಅಂಗಾಂಗಗಳ ಮೇಲೆ ಸುಣ್ಣ ಬಳಿದಂಥ ಬಿಳಿ ಪದರ. ಮೂತ್ರಪಿಂಡ ಕೆಟ್ಟು, ಹೊರಹೋಗಬೇಕಾದ ಯೂರಿಕ್ ಆಮ್ಲ ಒಳಗೇ ಗಟ್ಟಿಯಾಗಿತ್ತು.

ಮೊದಲು ಎಲ್ಲರೂ ಹುಡುಕಿದ್ದು ವೈರಸ್ಸನ್ನು. ನಿಜವಾದ ಕಾರಣ ಸಿಕ್ಕಿದ್ದು ಪಾಕಿಸ್ತಾನದಲ್ಲಿ ನಡೆದ ಅಧ್ಯಯನದಿಂದ. 2004ರಲ್ಲಿ ಪ್ರಕಟವಾದ ಆ ಅಧ್ಯಯನ ಡೈಕ್ಲೋಫೆನಾಕ್ ಕಡೆಗೆ ಬೆರಳು ತೋರಿಸಿತು. ನಾವು ಮೈಕೈ ನೋವಿಗೆ ನುಂಗುವ ಅದೇ ಮದ್ದು. 1990ರ ದಶಕದಲ್ಲಿ ಅಗ್ಗವಾಗಿ ಸಿಗತೊಡಗಿದ ಮೇಲೆ ಕುಂಟುವ ಎತ್ತಿಗೆ, ಕೆಚ್ಚಲು ಬಾವು ಬಂದ ಹಸುವಿಗೆ ಅದನ್ನು ಚುಚ್ಚುವುದು ರೂಢಿಯಾಯಿತು. ಮದ್ದು ಹಾಕಿಸಿಕೊಂಡ ಕೆಲವೇ ದಿನಗಳಲ್ಲಿ ಸತ್ತ ದನ ಹದ್ದಿನ ಪಾಲಿಗೆ ವಿಷದೂಟ. ನೂರು ಹೆಣಗಳಲ್ಲಿ ಒಂದಕ್ಕಿಂತ ಕಡಿಮೆ ಹೆಣದಲ್ಲಿ ಮದ್ದು ಇದ್ದರೂ ಸಂತತಿ ಕುಸಿಯಲು ಸಾಕು ಎಂದು ಲೆಕ್ಕ ಹೇಳಿತು. ಒಂದು ಹೆಣಕ್ಕೆ ಹತ್ತಾರು, ನೂರಾರು ಹದ್ದುಗಳು ಮುತ್ತುತ್ತವೆ. ಹಕ್ಕಿ ಇಡುವುದೋ ವರ್ಷಕ್ಕೆ ಒಂದೇ ಮೊಟ್ಟೆ. 1992ರಿಂದ 2007ರ ನಡುವೆ ಬಿಳಿಬೆನ್ನಿನ ರಣಹದ್ದು ಶೇ 99.9ರಷ್ಟು ಕಡಿಮೆಯಾಯಿತು. ಒಂದು ಸಾವಿರ ಇದ್ದಲ್ಲಿ ಒಂದು ಉಳಿದಂತೆ.

2006ರಲ್ಲಿ ಜಾನುವಾರುಗಳಿಗೆ ಡೈಕ್ಲೋಫೆನಾಕ್ ನಿಷೇಧವಾಯಿತು. ಅದೇ ವರ್ಷ, ಅದರ ಬದಲಿಗೆ ಬಳಸಬಹುದಾದ ಮೆಲಾಕ್ಸಿಕಾಮ್ ಹದ್ದಿಗೆ ಅಪಾಯಕಾರಿಯಲ್ಲ ಎಂಬುದೂ ಖಚಿತವಾಯಿತು.

ಐದು ಲಕ್ಷ ಎಂಬ ಲೆಕ್ಕ ಬಂದ ಬಗೆ

ಹದ್ದು ಸತ್ತದ್ದಕ್ಕೆ ಪುರಾವೆ ಸಿಕ್ಕಿತು. ತಿನ್ನುವ ಹದ್ದಿಲ್ಲದೆ ಉಳಿದ ಹೆಣಗಳು ನಾಯಿಗಳಿಗೆ ಊಟವಾದವು, ಕೊಳೆತು ನೀರನ್ನೂ ಕೆಡಿಸಿದವು. ಅದರಿಂದ ಮನುಷ್ಯರಿಗೆ ಏನಾಯಿತು ಎಂದು ತಿಳಿಯುವುದು ಇನ್ನೂ ಕಷ್ಟದ ಕೆಲಸ. ಯಾರ ಮರಣ ಪ್ರಮಾಣಪತ್ರದಲ್ಲೂ ‘ಹದ್ದು ಇಲ್ಲದ್ದರಿಂದ’ ಎಂದು ಬರೆದಿರುವುದಿಲ್ಲವಲ್ಲ.

ಇಲ್ಲಿ ಸಂಶೋಧಕರು ಬಳಸುವ ಉಪಾಯ ರೈತರಿಗೆ ಹೊಸದಲ್ಲ. ಹೊಸ ಗೊಬ್ಬರ ಹಾಕಿದ ಗದ್ದೆಯಲ್ಲಿ ಈ ವರ್ಷ ಮೂರು ಚೀಲ ಹೆಚ್ಚು ಬಂತು ಎನ್ನಿ. ಅದು ಗೊಬ್ಬರದಿಂದಲೋ, ಮಳೆ ಚೆನ್ನಾಗಿ ಬಿದ್ದದ್ದರಿಂದಲೋ? ಪಕ್ಕದಲ್ಲಿ ಆ ಗೊಬ್ಬರ ಹಾಕದ ಗದ್ದೆಯನ್ನು ನೋಡಬೇಕು. ಅಲ್ಲೂ ಎರಡು ಚೀಲ ಹೆಚ್ಚಿದ್ದರೆ ಆ ಎರಡು ಮಳೆಯದು, ಮಿಕ್ಕ ಒಂದು ಮಾತ್ರ ಗೊಬ್ಬರದ್ದು.

ಅರ್ಥಶಾಸ್ತ್ರಜ್ಞರಾದ ಇಯಾಲ್ ಫ್ರಾಂಕ್ ಮತ್ತು ಅನಂತ್ ಸುದರ್ಶನ್ ಭಾರತದ ಜಿಲ್ಲೆಗಳನ್ನು ಇದೇ ರೀತಿ ಎರಡು ಗದ್ದೆಗಳಾಗಿ ನೋಡಿದರು. ಹದ್ದು ಹೆಚ್ಚಾಗಿ ಬಾಳುತ್ತಿದ್ದ ಜಿಲ್ಲೆಗಳು ಒಂದು ಕಡೆ, ಮೊದಲಿನಿಂದಲೂ ಅದಕ್ಕೆ ಒಗ್ಗದ ಜಿಲ್ಲೆಗಳು ಇನ್ನೊಂದು ಕಡೆ. ಎರಡೂ ಕಡೆ ಸಾವಿನ ಪ್ರಮಾಣ ಹದ್ದು ಕುಸಿಯುವ ಮುಂಚೆ ಹೇಗಿತ್ತು, ಆಮೇಲೆ ಹೇಗಾಯಿತು ಎಂದು ಹೋಲಿಸಿದರು. ಹದ್ದಿದ್ದ ಜಿಲ್ಲೆಗಳಲ್ಲಿ ಸಾವು ಶೇ 4ಕ್ಕಿಂತ ಹೆಚ್ಚು ಏರಿತ್ತು. 2000ರಿಂದ 2005ರ ನಡುವೆ ವರ್ಷಕ್ಕೆ ಸುಮಾರು ಒಂದು ಲಕ್ಷದಂತೆ ಒಟ್ಟು ಐದು ಲಕ್ಷ ಹೆಚ್ಚುವರಿ ಸಾವು. ರೇಬಿಸ್ ಲಸಿಕೆಯ ಮಾರಾಟ ಏರಿದ್ದು, ನದಿನೀರಿನ ಗುಣಮಟ್ಟ ಕೆಟ್ಟದ್ದು ಇದಕ್ಕೆ ಪೂರಕ ಸುಳಿವುಗಳು. ಅಧ್ಯಯನ 2024ರಲ್ಲಿ ಅಮೆರಿಕನ್ ಎಕನಾಮಿಕ್ ರಿವ್ಯೂ ಪತ್ರಿಕೆಗೆ ಅಂಗೀಕೃತವಾಗಿ ಸುದ್ದಿಯಾಯಿತು.

ಇದಕ್ಕೂ ಮುಂಚೆ, 2008ರಲ್ಲಿ ಬಂದ ಇನ್ನೊಂದು ಲೆಕ್ಕ ಹೇಳಿದ್ದು ಸುಮಾರು 48 ಸಾವಿರ ಸಾವು. ಒಂದಕ್ಕೆ ಹತ್ತು ಪಟ್ಟು! ಯಾವುದು ಸುಳ್ಳು? ಯಾವುದೂ ಸುಳ್ಳಾಗಬೇಕಿಲ್ಲ, ಏಕೆಂದರೆ ಕೇಳಿದ ಪ್ರಶ್ನೆಗಳೇ ಬೇರೆ. 2008ರ ಅಧ್ಯಯನ ಹದ್ದು ಹೋದದ್ದರಿಂದ ಎಷ್ಟು ನಾಯಿ ಹೆಚ್ಚಾಗಿರಬಹುದು, ಅವು ಎಷ್ಟು ಕಚ್ಚಿರಬಹುದು, ರೇಬಿಸ್‌ನಿಂದ ಎಷ್ಟು ಜನ ಸತ್ತಿರಬಹುದು ಎಂದು ಮೆಟ್ಟಿಲು ಮೆಟ್ಟಿಲಾಗಿ ಎಣಿಸಿತು. ಫ್ರಾಂಕ್ ಮತ್ತು ಸುದರ್ಶನ್ ಅವರ ಅಧ್ಯಯನ, ಯಾವ ಕಾರಣದಿಂದಾದರೂ ಆಗಲಿ, ಎಲ್ಲ ಸಾವನ್ನೂ ಲೆಕ್ಕಕ್ಕೆ ತಂದಿತು. ನಾಯಿ ಕಡಿತದ ಪಾಲೆಷ್ಟು, ಕೆಟ್ಟ ನೀರಿನ ಪಾಲೆಷ್ಟು ಎಂದು ಅದು ಪೂರ್ತಿ ಬಿಡಿಸಿ ಹೇಳುವುದಿಲ್ಲ.

ವಾಟ್ಸಾಪ್ ಮಾತಿಗೆ ಬಂದರೆ, ಅದರಲ್ಲಿ ಅರ್ಧ ನಿಜವಿದೆ. ಐದು ಲಕ್ಷ ಹೇಳಿದ ಅಧ್ಯಯನ 2005ಕ್ಕೆ ನಿಲ್ಲುತ್ತದೆ. ಪರಿಣಾಮ ಹೆಚ್ಚಾಗಿ ಕಂಡದ್ದು ಜಾನುವಾರು ಹೆಚ್ಚಿದ್ದ, ಊರಂಚಿನಲ್ಲಿ ಹೆಣ ಎಸೆಯುತ್ತಿದ್ದ ಪಟ್ಟಣಗಳಲ್ಲಿ. 2025ರ ಬೆಂಗಳೂರಿನ ಬಡಾವಣೆಯೊಂದರಲ್ಲಿ ಕಸದ ಮೂಲೆಯ ಅನ್ನ ಮತ್ತು ಕೋಳಿ ಅಂಗಡಿಯ ತ್ಯಾಜ್ಯದ ಮೇಲೆ ಬದುಕುವ ನಾಯಿಯ ಲೆಕ್ಕವನ್ನು ಹದ್ದಿನ ಖಾತೆಗೆ ಬರೆಯಲು ಬರುವುದಿಲ್ಲ.

ಲೆಕ್ಕಕ್ಕೆ ಸಿಗದ ನಷ್ಟವೂ ಒಂದಿದೆ. ಮುಂಬಯಿಯ ಪಾರ್ಸಿಗಳು ಸಂಪ್ರದಾಯದ ಪ್ರಕಾರ ಮೃತದೇಹವನ್ನು ಸುಡುವುದಿಲ್ಲ, ಹೂಳುವುದಿಲ್ಲ. ಮಲಬಾರ್ ಹಿಲ್‌ನ ಡೂಂಗರ್‌ವಾಡಿಯಲ್ಲಿ ಹಕ್ಕಿಗಳಿಗೆ ಒಪ್ಪಿಸುತ್ತಿದ್ದರು. ಹದ್ದುಗಳು ಹೋದ ಮೇಲೆ ಅಲ್ಲಿ ಬಿಸಿಲನ್ನು ಕೇಂದ್ರೀಕರಿಸುವ ಸೌರ ಫಲಕಗಳನ್ನು ಇಡಬೇಕಾಯಿತು. ಒಂದು ಸಮುದಾಯದ ಅಂತ್ಯಸಂಸ್ಕಾರವೇ ಬದಲಾಗುವುದಕ್ಕೆ ರೂಪಾಯಿಯಲ್ಲಿ ಬೆಲೆ ಕಟ್ಟುವುದು ಹೇಗೆ? ಯೋಗಕ್ಷೇಮ ಎನ್ನುವಾಗ ಆರೋಗ್ಯ, ಆದಾಯಗಳ ಜೊತೆ ಇಂಥವೂ ಸೇರುತ್ತವೆ. ಇವನ್ನು ಅಳೆಯುವ ಒಪ್ಪಿತ ವಿಧಾನ ಇನ್ನೂ ಇಲ್ಲ.

ಕೊಡಗಿನ ಕಾಫಿ ಹೂವು ಮತ್ತು ಒಂದು ಬಟ್ಟೆಯ ಚೀಲ

ಹದ್ದಿನ ಲೆಕ್ಕ ನಷ್ಟವಾದ ಮೇಲೆ ಹಾಕಿದ್ದು. ಜೀವಿ ಇರುವಾಗಲೇ ಅದರ ಉಪಕಾರ ಅಳೆಯಬಹುದೇ? ಕೊಡಗಿನಲ್ಲಿ ಅಳೆಯುವ ಯತ್ನ ನಡೆದಿದೆ.

ಅರೇಬಿಕಾ ಗಿಡ ತನ್ನದೇ ಪರಾಗದಿಂದ ಕಾಯಿ ಕಟ್ಟಬಲ್ಲದು. ರೊಬಸ್ಟಾಗೆ ಅದು ಆಗದು, ಬೇರೆ ಗಿಡದ ಪರಾಗವೇ ಬೇಕು. ಹೂಮಳೆ ಬಿದ್ದು, ಅಥವಾ ಸ್ಪ್ರಿಂಕ್ಲರ್ ಹಾಕಿಸಿ, ವಾರ ಹತ್ತು ದಿನಕ್ಕೆ ತೋಟವೆಲ್ಲ ಒಟ್ಟಿಗೆ ಬೆಳ್ಳಗಾಗುತ್ತದೆ. ಮಲ್ಲಿಗೆಯ ಹಾಗೆ ಘಮ. ಎರಡು ಮೂರು ದಿನಕ್ಕೆ ಹೂ ಬಾಡುತ್ತದೆ. ಅಷ್ಟರೊಳಗೆ ಪರಾಗ ಗಿಡದಿಂದ ಗಿಡಕ್ಕೆ ಹೋಗಬೇಕು. ಸ್ವಲ್ಪ ಗಾಳಿ ಒಯ್ಯುತ್ತದೆ. ಮಿಕ್ಕ ಕೆಲಸದಲ್ಲಿ ಹೆಜ್ಜೇನು, ತುಡುವೆ, ಮುಜಂಟಿ ಜೇನುಗಳ ಪಾಲು ದೊಡ್ಡದು.

ಇದನ್ನು ಪರೀಕ್ಷಿಸುವ ವಿಧಾನ ಬಹಳ ಸರಳ. ಹೂ ಅರಳುವ ಮುನ್ನ ಒಂದು ಕೊಂಬೆಗೆ ಸೊಳ್ಳೆಪರದೆಯಂಥ ಬಟ್ಟೆಯ ಚೀಲ ಕಟ್ಟುತ್ತಾರೆ. ಗಾಳಿ ನುಸುಳುತ್ತದೆ, ಜೇನು ನುಸುಳದು. ಅದೇ ಗಿಡದ ಇನ್ನೊಂದು ಕೊಂಬೆಯನ್ನು ಹಾಗೇ ಬಿಡುತ್ತಾರೆ. ಮೂರನೆಯದಕ್ಕೆ ಕೈಯಿಂದಲೇ ಪರಾಗ ಸವರುತ್ತಾರೆ. ಪ್ರತಿ ಗೊಂಚಲಿನ ಹೂ ಎಣಿಸಿ ಬರೆದಿಟ್ಟು, ಮಳೆಗಾಲ ಹಿಡಿದು ಕಾಯಿ ಬಲಿಯುವವರೆಗೆ ಕಾದು, ಮತ್ತೆ ಎಣಿಸುತ್ತಾರೆ. ಚೀಲ ಕಟ್ಟಿದ ಮತ್ತು ಬಿಟ್ಟ ಕೊಂಬೆಗಳ ನಡುವಿನ ವ್ಯತ್ಯಾಸವೇ ಕೀಟಗಳ ಕೊಡುಗೆ. ಕೈಯಿಂದ ಸವರಿದ ಕೊಂಬೆಯಲ್ಲಿ ಇನ್ನೂ ಹೆಚ್ಚು ಕಾಯಿ ಬಂದರೆ, ತೋಟಕ್ಕೆ ಜೇನು ಸಾಲದು ಎಂದರ್ಥ.

ಕಾಫಿ ಹೂವು ಜೇನಿಗೆ ಊಟ ಹಾಕುವುದು ವರ್ಷದಲ್ಲಿ ಕೆಲವೇ ದಿನ. ಉಳಿದ ದಿನ ಅದು ಬದುಕುವುದು ಕಾಡಿನ ಹೂವು, ತೋಟದ ನೆರಳಿನ ಮರ, ದೇವರಕಾಡಿನ ಆಸರೆಯಲ್ಲಿ. ಹೆಜ್ಜೇನಿಗೆ ಪೆಟ್ಟಿಗೆ ಆಗದು, ಎತ್ತರದ ಮರದ ಕೊಂಬೆ, ಬಂಡೆಯಂಥ ಜಾಗವೇ ಆಗಬೇಕು. ಹಾಗಾದರೆ ಒಂದು ತೋಟದ ಫಸಲಿಗೆ ಎಷ್ಟು ಕಾಡು, ಎಷ್ಟು ಹತ್ತಿರ ಇರಬೇಕು? ನಾಡು ಮರಗಳನ್ನು ಕಡಿದು ಸಿಲ್ವರ್ ಓಕ್ ಹಾಕಿದರೆ ಜೇನಿಗೆ ಎಷ್ಟು ಕೊರತೆ? ಬೆಳೆಗಾರರು ಕೇಳುವುದು ಇಂಥ ಪ್ರಶ್ನೆ. ಉತ್ತರಕ್ಕೆ ಒಂದೆರಡು ಹಂಗಾಮಿನ ಚೀಲದ ಲೆಕ್ಕ ಸಾಲುವುದಿಲ್ಲ.

1990ರ ದಶಕದ ಆರಂಭದಲ್ಲಿ ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಸ್ ದಕ್ಷಿಣ ಭಾರತದ ತುಡುವೆ ಕುಟುಂಬಗಳಲ್ಲಿ ಬಹುಪಾಲನ್ನು ನಾಶ ಮಾಡಿತು. ಕೊಡಗಿನ ಜೇನುಪೆಟ್ಟಿಗೆಗಳು ಖಾಲಿಯಾದವು. ಆ ವರ್ಷಗಳಲ್ಲಿ ಕಾಫಿಗೆ ಎಷ್ಟು ಪೆಟ್ಟು ಬಿತ್ತು, ತುಡುವೆಯ ಕೆಲಸವನ್ನು ಹೆಜ್ಜೇನು ಎಷ್ಟು ತುಂಬಿಕೊಟ್ಟಿತು ಎಂದು ಹೇಳಬೇಕಾದರೆ ಅದಕ್ಕೂ ಮುಂಚಿನ ವರ್ಷಗಳ ಎಣಿಕೆ ಕೈಯಲ್ಲಿರಬೇಕು. ಭರತಪುರದಲ್ಲಿ ಹಳೆಯ ಎಣಿಕೆ ಇದ್ದದ್ದರಿಂದಲೇ ಹದ್ದಿನ ಕುಸಿತ ಕಣ್ಣಿಗೆ ಬಿದ್ದದ್ದು.

ಕಾಫಿ ಹೋಗಿ ಅನಾನಸ್ ಬಂದಾಗ

ಕೋಸ್ಟರಿಕಾ ದೇಶದ ಒಂದು ಕಾಫಿ ತೋಟದ ಕಥೆ ಈ ವಿಷಯದಲ್ಲಿ ಬಹಳ ಪ್ರಸಿದ್ಧ. ಕಾಡಿನ ಎರಡು ತುಣುಕುಗಳಿಂದ ಒಂದು ಕಿಲೋಮೀಟರ್ ಒಳಗಿದ್ದ ಗಿಡಗಳಲ್ಲಿ ಇಳುವರಿ ಶೇ 20 ಹೆಚ್ಚು, ಪರಾಗ ಸಾಲದಿದ್ದಾಗ ಹೆಚ್ಚುವ ಒಂಟಿಬೀಜದ ಪೀಬೆರಿ ಶೇ 27 ಕಡಿಮೆ ಎಂದು 2004ರ ಅಧ್ಯಯನ ತೋರಿಸಿತು. ಆ ತುಣುಕುಗಳು ತೋಟಕ್ಕೆ ವರ್ಷಕ್ಕೆ ಸುಮಾರು 60 ಸಾವಿರ ಡಾಲರ್ ದುಡಿದುಕೊಡುತ್ತಿದ್ದವು. ಕಾಡು ಉಳಿಸಿದರೆ ಲಾಭ ಎನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕೇ ಎಂದು ಎಲ್ಲರೂ ಎತ್ತಿ ಹೇಳಿದರು.

ಅಷ್ಟರಲ್ಲಿ ಕಾಫಿ ಬೆಲೆ ಬಿದ್ದು ತೋಟದವರು ಕಾಫಿ ಕಿತ್ತು ಅನಾನಸ್ ಹಾಕಿದ್ದರು. ಅನಾನಸ್‌ಗೆ ಪರಾಗಸ್ಪರ್ಶ ಬೇಡ. ಕಾಡು ಅದೇ, ಜೇನೂ ಅದೇ, ಬೆಲೆ ಸೊನ್ನೆ. ಒಂದು ಜೀವಿಯ ‘ಬೆಲೆ’ ಅದರ ಮೈಯಲ್ಲಿ ಬರೆದಿರುವುದಿಲ್ಲ. ನಾವೇನು ಬೆಳೆಯುತ್ತೇವೆ, ಮಾರುಕಟ್ಟೆಯಲ್ಲಿ ಏನು ನಡೆಯುತ್ತದೆ ಎಂಬುದರ ಜೊತೆ ಅದು ಏರಿಳಿಯುತ್ತದೆ. ಹಣದ ಲೆಕ್ಕವೊಂದನ್ನೇ ನೆಚ್ಚಿಕೊಂಡು ಕಾಡನ್ನು ಸಮರ್ಥಿಸುವವರು ಈ ತೋಟವನ್ನು ಮರೆಯಬಾರದು.

ಇದಕ್ಕೆ ತಿರುಗಾದ ಉದಾಹರಣೆಯೂ ಇದೆ. 1970ರ ದಶಕದಲ್ಲಿ ಏಷ್ಯಾದ ಭತ್ತಕ್ಕೆ ಗ್ರಾಸಿ ಸ್ಟಂಟ್ ಎಂಬ ವೈರಸ್ ರೋಗ ಬಿದ್ದಾಗ ಫಿಲಿಪೀನ್ಸಿನ ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆ ಆರು ಸಾವಿರಕ್ಕೂ ಹೆಚ್ಚು ಮಾದರಿಗಳನ್ನು ಜಾಲಾಡಿತು. ರೋಗ ತಡೆಯುವ ಗುಣ ಸಿಕ್ಕಿದ್ದು ಉತ್ತರ ಪ್ರದೇಶದಿಂದ ಸಂಗ್ರಹಿಸಿದ ಒಂದು ಕಾಡುಭತ್ತದಲ್ಲಿ. ಅದನ್ನು ಕಿತ್ತು ತಂದ ದಿನ ಅದಕ್ಕೆ ಯಾರೂ ನಾಲ್ಕಾಣೆ ಕೊಡುತ್ತಿರಲಿಲ್ಲ.

ಕಾಡು ಕೊಡುವುದೆಲ್ಲ ಒಳ್ಳೆಯದೇ?

ಅಲ್ಲ. ಶಿವಮೊಗ್ಗ ಜಿಲ್ಲೆ ಸೊರಬ ತಾಲ್ಲೂಕಿನ ಕ್ಯಾಸನೂರಿನಲ್ಲಿ 1957ರಲ್ಲಿ ಮಂಗಗಳು ಸಾಯತೊಡಗಿದವು, ಹಿಂದೆಯೇ ಜನರಿಗೂ ಜ್ವರ ಬಂತು. ಮಂಗನ ಕಾಯಿಲೆ ಎಂದು ಹೆಸರಾದರೂ ಮನುಷ್ಯರಿಗೆ ಹರಡುವುದು ಉಣುಗು ಎಂಬ ರಕ್ತ ಹೀರುವ ಹುಳು. ಪ್ರತಿ ವರ್ಷ ದರಗು (ಒಣಗಿದ ಎಲೆ) ಗುಡಿಸಲು, ದನ ಮೇಯಿಸಲು ಹೋಗುವವರು ಇಂದಿಗೂ ಉಣುಗು ಹತ್ತದಂತೆ ಆರೋಗ್ಯ ಇಲಾಖೆಯ ಡೀಪಾ ಎಣ್ಣೆ ಸವರಿಕೊಂಡೇ ಕಾಡಿಗೆ ಇಳಿಯಬೇಕು.

ಹಾಗೆಂದು ಕಾಡೇ ಅಪಾಯ ಎನ್ನುವಂತಿಲ್ಲ. ನಮ್ಮ ದೇಶದ ಮತ್ತು ಬ್ರಿಟನ್ನಿನ ಸಂಶೋಧಕರು 2020ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಅಪಾಯ ಹೆಚ್ಚಿರುವುದು ನಿತ್ಯಹರಿದ್ವರ್ಣ ಕಾಡೂ ತೋಟಗಳೂ ಒಂದರೊಳಗೊಂದು ಹೆಣೆದುಕೊಂಡ, ದನಗಳೂ ಹೆಚ್ಚಿರುವ ಜಾಗಗಳಲ್ಲಿ. ಅಂದರೆ ಮಲೆನಾಡಿನ ಸಾಮಾನ್ಯ ಊರುಗಳಲ್ಲೇ. ಆ ದರಗು ಹಟ್ಟಿಗೆ ಬಿದ್ದು ಗೊಬ್ಬರವಾಗಿ ಅಡಿಕೆ ತೋಟ ಸೇರುತ್ತದೆ. ತೋಟಕ್ಕೆ ಸೊಪ್ಪು, ದರಗು ಒದಗಿಸುವ ಒಂದೇ ಸೊಪ್ಪಿನಬೆಟ್ಟ ಮನೆಗೆ ಗೊಬ್ಬರವನ್ನೂ ತರುತ್ತದೆ, ಉಣುಗನ್ನೂ ತರುತ್ತದೆ.

ಲಾಭ ಒಬ್ಬರಿಗೆ, ತೊಂದರೆ ಇನ್ನೊಬ್ಬರಿಗೆ ಆಗುವುದೂ ಉಂಟು. ಕೊಡಗಿನ ಕಾಡಂಚಿನಿಂದ ಹಾರಿಬರುವ ಹೆಜ್ಜೇನಿನ ಉಪಕಾರ ಸೇರುವುದು ತೋಟದ ಮಾಲೀಕರ ಫಸಲಿಗೆ. ಅದೇ ಕಾಡಂಚಿನಿಂದ ಇಳಿಯುವ ಆನೆ ಬೆಳಿಗ್ಗೆ ಏಳಕ್ಕೆ ಎದುರಾಗುವುದು ತೋಟದ ಕಾರ್ಮಿಕರ ಲೈನ್‌ಮನೆಯಿಂದ ಕೆಲಸಕ್ಕೆ ನಡೆದು ಹೊರಟವರಿಗೆ. ಜಿಲ್ಲೆಯ ಸರಾಸರಿ ತೆಗೆದರೆ ಇವೆರಡೂ ಒಂದರೊಳಗೊಂದು ಕರಗಿ ಕಾಣೆಯಾಗುತ್ತವೆ.

ಇನ್ನು ತಿಳಿಯಬೇಕಾದ್ದು

ವಿಶ್ವಸಂಸ್ಥೆಯ ಬೆಂಬಲದ ಮಿಲೆನಿಯಂ ಪರಿಸರ ಮೌಲ್ಯಮಾಪನ 2005ರಲ್ಲಿ, ಐಪಿಬಿಇಎಸ್ ಎಂಬ ಅಂತರಸರ್ಕಾರಿ ವೇದಿಕೆ 2019ರಲ್ಲಿ ಜಗತ್ತಿನ ಚಿತ್ರ ಕೊಟ್ಟಿವೆ. ಸುಮಾರು ಹತ್ತು ಲಕ್ಷ ಬಗೆಯ ಜೀವಿಗಳು ಅಳಿವಿನ ಅಂಚಿನಲ್ಲಿವೆ ಎಂಬುದು 2019ರ ವರದಿಯ ಮಾತು. ದೊಡ್ಡ ಚಿತ್ರ ಇದೆ, ನಮ್ಮೂರಿನ ಚಿತ್ರ ಇಲ್ಲ. ನಮ್ಮ ಜೀವವೈವಿಧ್ಯ ಕಾಯ್ದೆ (2002) ಪ್ರಕಾರ ಪ್ರತಿ ಗ್ರಾಮ ಪಂಚಾಯಿತಿಯಲ್ಲೂ ಜನತಾ ಜೀವವೈವಿಧ್ಯ ದಾಖಲಾತಿ ಇರಬೇಕು. ಊರಿನಲ್ಲಿ ಏನೇನಿದೆ ಎಂದು ಬರೆಯಲು ಅದು ಒಳ್ಳೆಯ ಪುಸ್ತಕ. ಅದರ ಪಕ್ಕದಲ್ಲಿ ಇನ್ನೂ ಕೆಲವು ಅಂಕಣ ಬೇಕು: ಇದನ್ನು ಯಾರು, ಯಾವ ತಿಂಗಳು, ಯಾತಕ್ಕೆ ನೆಚ್ಚಿಕೊಂಡಿದ್ದಾರೆ? ಇದು ಹೋದರೆ ಬದಲಿ ಇದೆಯೇ? ಬದಲಿ ಕೊಳ್ಳುವ ಶಕ್ತಿ ಯಾರಿಗಿದೆ? ಆರೋಗ್ಯ ಕೇಂದ್ರದ ರಿಜಿಸ್ಟರು ಒಂದು ಇಲಾಖೆಯಲ್ಲಿ, ಪಶು ಆಸ್ಪತ್ರೆಯದು ಇನ್ನೊಂದರಲ್ಲಿ, ಕಾಡಿನ ಎಣಿಕೆ ಮತ್ತೊಂದರಲ್ಲಿ ಇರುತ್ತದೆ. ಹದ್ದಿನ ಕಥೆ ಬಿಡಿಸಲು ಇಂಥ ಬೇರೆ ಬೇರೆ ಲೆಕ್ಕಗಳನ್ನು ಒಟ್ಟಿಗೆ ಓದಬೇಕಾಯಿತು.

ಪ್ರಶ್ನೆ ಯಾರದು ಎಂಬುದೂ ಮುಖ್ಯ. ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಹಿಂದೆ ಬೇಸಿಗೆಯ ಮೊದಲಲ್ಲಿ ತರಗೆಲೆಗೆ ಸಣ್ಣಗೆ ಬೆಂಕಿ ಕೊಡುತ್ತಿದ್ದರು. ‘ತರಗು ಬೆಂಕಿ’ ಎನ್ನುತ್ತಾರೆ. ಅದು ನಿಂತ ಮೇಲೆ ನೆಲ್ಲಿಮರಕ್ಕೆ ಬದನಿಕೆ ಎಂಬ ಪರಾವಲಂಬಿ ಗಿಡ ಹತ್ತಿ ಮರ ಸಾಯುತ್ತಿದೆ, ಲಂಟಾನ ಹಬ್ಬುತ್ತಿದೆ ಎಂದು ಅವರು ವರ್ಷಗಳಿಂದ ಹೇಳುತ್ತ ಬಂದರು. ಸಂಶೋಧಕರು ಬದನಿಕೆಯ ವಿಷಯದಲ್ಲಿ ಆ ಮಾತನ್ನು ಗಂಭೀರವಾಗಿ ಪರಿಶೀಲಿಸಿದ್ದು ತಡವಾಗಿ. ನೆಲ್ಲಿಕಾಯಿ ಮಾರಿ ಬದುಕುವವರಿಗೆ ಆ ಮರದ ಸ್ಥಿತಿ ಮೊದಲು ಗೊತ್ತಾಗದೆ ಇನ್ನಾರಿಗೆ ಗೊತ್ತಾಗಬೇಕು?

ರಾಮನಗರದ ರಾಮದೇವರ ಬೆಟ್ಟವನ್ನು 2012ರಲ್ಲಿ ರಣಹದ್ದು ಧಾಮ ಮಾಡಲಾಯಿತು. ಅಲ್ಲಿ ಬಂಡೆಯ ಚಾಚಿನ ಮೇಲೆ ಉದ್ದಕೊಕ್ಕಿನ ರಣಹದ್ದು ಕೆಲವೇ ಉಳಿದಿವೆ. ಅತ್ತ ಔಷಧಿಗಳ ವಿಷಯದಲ್ಲಿ ಪ್ರಶ್ನೆ ಕೇಳುವ ಕ್ರಮ ನಿಧಾನವಾಗಿ ಬದಲಾಗುತ್ತಿದೆ. ದನದ ಮೈಯಲ್ಲಿ ಅಸಿಕ್ಲೋಫೆನಾಕ್ ಎಂಬ ಇನ್ನೊಂದು ನೋವಿನ ಮದ್ದು ಡೈಕ್ಲೋಫೆನಾಕ್ ಆಗಿ ಮಾರ್ಪಡುತ್ತದೆ ಎಂದು ಪರೀಕ್ಷೆ ತೋರಿಸಿದ ಮೇಲೆ 2023ರಲ್ಲಿ ಅದನ್ನೂ ಕೀಟೊಪ್ರೊಫೆನ್ ಅನ್ನೂ ಜಾನುವಾರುಗಳಿಗೆ ನಿಷೇಧಿಸಿದರು. 2024ರ ಕೊನೆಯಲ್ಲಿ ನಿಮೆಸುಲೈಡ್ ಸರದಿ. ಈ ಮೂರೂ ಅಷ್ಟರಲ್ಲಾಗಲೇ ಅಂಗಡಿಯಲ್ಲಿದ್ದವು, ದನಗಳಿಗೆ ಚುಚ್ಚಲಾಗುತ್ತಿತ್ತು. ಹೊಸ ನೋವಿನ ಮದ್ದು ಪಶುವೈದ್ಯರ ಕೈಗೆ ಬರುವ ಮೊದಲೇ ಹದ್ದಿನ ಮೇಲೆ ಅದರ ಪರಿಣಾಮ ನೋಡಿ ಎಂದು ಹಕ್ಕಿತಜ್ಞರು ಇಂದಿಗೂ ಕೇಳುತ್ತಲೇ ಇದ್ದಾರೆ.